ನಮ್ಮ ಬದಲಿಗೆ ಮಾತಾಡುವವರು

"ಹಾವೇರಿ ಯಾವ ಕಡೆ ಬರತೈತಿ ತಮ್ಮಾ?" ಎಂದು ಗಜೇಂದ್ರಗಡದ ಕೇರಿಯ ಒಬ್ಬ ಅಜ್ಜಿ ನಮ್ಮನ್ನು ಕೇಳಿದಳು. ದಿಲ್ಲಿಗೆ ಹೋಗುವ ಮನುಷ್ಯನಿಗೆ ಅವಳು ಓಟು ಹಾಕಿ ಬಂದಿದ್ದಳು. ಆ ಮನುಷ್ಯ ಹಾವೇರಿ ಕ್ಷೇತ್ರದವ. ಅವಳು ಹಾವೇರಿ ಕಂಡವಳಲ್ಲ, ಹಾವೇರಿಯೂ ಅವಳನ್ನು ಕಂಡದ್ದಲ್ಲ. ನಾವು ತೆಂಕಣ ದಿಕ್ಕಿಗೆ ಕೈ ತೋರಿಸಿದೆವು. ಅವಳು ನಕ್ಕಳು. ಆ ನಗು ನಮ್ಮನ್ನು ಬಹಳ ದಿನ ಕಾಡಿತು.

2008ರ ಕ್ಷೇತ್ರ ವಿಂಗಡಣೆಯಲ್ಲಿ ಗದಗ ಜಿಲ್ಲೆಯನ್ನು ಸೀಳಿ ಹಂಚಿದರು. ಗಜೇಂದ್ರಗಡವನ್ನು ಒಡಲಲ್ಲಿಟ್ಟುಕೊಂಡ ರೋಣ ಹಾವೇರಿ ಲೋಕಸಭೆಗೆ ಹೋಯಿತು, ನರಗುಂದ ಬಾಗಲಕೋಟೆಗೆ ಹೋಯಿತು. ಒಂದೇ ಕರಿನೆಲ, ಒಂದೇ ಬರ, ಒಂದೇ ಕಡಲೆ-ಜೋಳ. ಆದರೆ ದಿಲ್ಲಿಯಲ್ಲಿ ಬಾಯಿ ಎರಡು. ಇದು ಹೊಸ ಸಂಗತಿಯೇನಲ್ಲ. 1787ರಲ್ಲಿ ಮರಾಠರೂ ಟಿಪ್ಪುವೂ ಗಜೇಂದ್ರಗಡದಲ್ಲೇ ಒಪ್ಪಂದ ಮಾಡಿಕೊಂಡು ನರಗುಂದದ ಒಡೆತನ ಬದಲಿಸಿದಾಗಲೂ ನರಗುಂದದವರನ್ನು ಯಾರು ಕೇಳಿದ್ದರು? ಅಂದು ರಾಜರು ಗೆರೆ ಎಳೆದರು, ಇಂದು ಆಯೋಗ ಎಳೆಯುತ್ತದೆ. ಈಗ ನಮಗೆ ಓಟಿದೆ ಎಂಬುದು ದೊಡ್ಡ ವ್ಯತ್ಯಾಸವೇ. ಅದನ್ನು ಹಗುರ ಮಾಡುವವರು ಓಟಿಲ್ಲದ ಕಾಲವನ್ನು ಮರೆತವರು. ಬ್ರಿಟಿಷರ ಕಾಲದಲ್ಲಿ ಆಸ್ತಿ, ಕಂದಾಯ, ವಿದ್ಯೆ ನೋಡಿ ಓಟು ಕೊಡುತ್ತಿದ್ದರು. ಭೂಮಿಯೇ ಇಲ್ಲದ ಹೊಲೆಯ-ಮಾದಿಗರ ಮನೆಗಳಲ್ಲಿ ಕಂದಾಯ ಎಲ್ಲಿಂದ ಬರಬೇಕಿತ್ತು?

ನಮ್ಮ ಪ್ರಶ್ನೆ ಇಷ್ಟೇ: ಒಬ್ಬ ಮನುಷ್ಯ ಇನ್ನೊಬ್ಬನ ಬದಲಿಗೆ ಮಾತಾಡಬಹುದೆ? ಮಾತಾಡಬಹುದಾದರೆ ಆ ಅಧಿಕಾರ ಅವನಿಗೆ ಎಲ್ಲಿಂದ ಬರುತ್ತದೆ? ಹುಟ್ಟಿನಿಂದಲೊ, ಆರಿಸಿದವರಿಂದಲೊ, ಮಾಡಿದ ಕೆಲಸದಿಂದಲೊ?

ಬಾಗಲಕೋಟೆಯಿಂದ ದಿಲ್ಲಿಗೆ ಹೋದವರ ಪಟ್ಟಿ ನೋಡಿರಿ. 1967ರಿಂದ 1999ರ ತನಕ ಎಸ್.ಬಿ. ಪಾಟೀಲ, ವೀರೇಂದ್ರ ಪಾಟೀಲ, ಎಚ್.ಬಿ. ಪಾಟೀಲ, ಎಸ್.ಟಿ. ಪಾಟೀಲ, ಆರ್.ಎಸ್. ಪಾಟೀಲ. ನಡುವೆ ಬೇರೆ ಹೆಸರುಗಳೂ ಇವೆ ಎನ್ನಿ. 1991ರಲ್ಲಿ ರಾಮಕೃಷ್ಣ ಹೆಗಡೆಯಂಥವರನ್ನೇ ಸೋಲಿಸಿದ ಸಿದ್ದು ನ್ಯಾಮಗೌಡರಿದ್ದಾರೆ. 2004ರಿಂದ ಪಿ.ಸಿ. ಗದ್ದಿಗೌಡರ ಐದು ಸಲ ಗೆದ್ದಿದ್ದಾರೆ. ಈ ಮಂದಿ ಒಳ್ಳೆಯವರೊ ಕೆಟ್ಟವರೊ ಎಂಬುದಲ್ಲ ನಮ್ಮ ಮಾತು. 'ಪಾಟೀಲ' ಎಂಬುದು ಹೆಸರಾಗುವ ಮೊದಲು ಹುದ್ದೆಯಾಗಿತ್ತು. ಊರಿನಲ್ಲಿ ಯಾರ ಮಾತು ನಡೆಯುತ್ತಿತ್ತೊ ಅವರ ಮಾತೇ ದಿಲ್ಲಿಯಲ್ಲೂ ನಡೆಯಲಿ ಎಂದು ಪ್ರಜಾಪ್ರಭುತ್ವ ಮುದ್ರೆ ಒತ್ತಿದ ಹಾಗಾಯಿತಲ್ಲ ಎಂಬುದು ನಮ್ಮ ಸಂಕಟ. ಸಾಮಾನ್ಯ ಕ್ಷೇತ್ರದಲ್ಲಿ ದಲಿತರು ನಿಲ್ಲಬಾರದು ಎಂದು ಯಾವ ಕಾನೂನೂ ಹೇಳಿಲ್ಲ. ಕಾನೂನು ಹೇಳದೇ ಇದ್ದದ್ದನ್ನು ಟಿಕೀಟು ಹಂಚುವವರು ಹೇಳುತ್ತಾರೆ, ಅಷ್ಟೆ.

ಹಾಗಾದರೆ ಮೀಸಲು ಕ್ಷೇತ್ರ ಇದ್ದರೆ ಆಯಿತೇನು? ಕರ್ನಾಟಕದ 28 ಸ್ಥಾನಗಳಲ್ಲಿ 5 ಪರಿಶಿಷ್ಟ ಜಾತಿಗೆ, 2 ಪರಿಶಿಷ್ಟ ಪಂಗಡಕ್ಕೆ. 2008ರ ವಿಂಗಡಣೆಯ ತನಕ ನಮ್ಮ ಈ ಭಾಗದ ಮೀಸಲು ಕ್ಷೇತ್ರ ಚಿಕ್ಕೋಡಿ. ಅಲ್ಲಿಂದ ಬಿ. ಶಂಕರಾನಂದ 1967ರಿಂದ ಸತತ ಏಳು ಸಲ ಗೆದ್ದರು, ಕೇಂದ್ರದಲ್ಲಿ ಮಂತ್ರಿಯಾದರು, ಬೊಫೋರ್ಸ್ ಹಗರಣದ ಜಂಟಿ ಸಂಸದೀಯ ಸಮಿತಿಗೆ ಅಧ್ಯಕ್ಷರಾದರು. ಆ ಸಮಿತಿಯ ವರದಿಯನ್ನು ದೇಶ ಹೇಗೆ ಸ್ವೀಕರಿಸಿತು ಎಂಬುದು ಎಲ್ಲರಿಗೂ ಗೊತ್ತು. ನಾವು ಅವರೊಬ್ಬರನ್ನೇ ದೂರುವುದಿಲ್ಲ. ಮೀಸಲು ಕ್ಷೇತ್ರದಲ್ಲೂ ಕೇರಿಯ ಓಟು ಎಷ್ಟು? ಗೆಲ್ಲಿಸುವುದು ಊರಿನ ಓಟು, ನಿಲ್ಲಿಸುವುದು ಪಕ್ಷ. ಊರಿಗೆ ಬೇಡವಾದ ದಲಿತ ಅಲ್ಲಿ ಗೆಲ್ಲಲಾರ. ಕೇರಿಗೆ ಬೇಡವಾದ ದಲಿತ ಸಲೀಸಾಗಿ ಗೆಲ್ಲಬಹುದು.

ಇದನ್ನು ಬಾಬಾಸಾಹೇಬರು ಮೊದಲೇ ಕಂಡಿದ್ದರು. 1932ರ ಆಗಸ್ಟ್‌ನಲ್ಲಿ ಬಂದ ಕೋಮುವಾರು ತೀರ್ಪು ಅಸ್ಪೃಶ್ಯರಿಗೆ ತಮ್ಮವರನ್ನು ತಾವೇ ಆರಿಸಿಕೊಳ್ಳುವ ಹಕ್ಕು ಕೊಟ್ಟಿತು. ಸೆಪ್ಟೆಂಬರ್ 20ರಂದು ಗಾಂಧೀಜಿ ಯೆರವಡಾ ಜೈಲಿನಲ್ಲಿ ಉಪವಾಸ ಕೂತರು. 24ರಂದು ಪುಣೆ ಒಪ್ಪಂದವಾಯಿತು. ಪ್ರಾಂತಗಳ ಶಾಸನಸಭೆಗಳಲ್ಲಿ ಸ್ಥಾನ 71ರಿಂದ 148ಕ್ಕೆ ಏರಿತು, ನಾವಿದ್ದ ಮುಂಬಯಿ ಪ್ರಾಂತಕ್ಕೆ ಸಿಂಧ್ ಸೇರಿ 15 ಬಂದವು. ಲೆಕ್ಕದಲ್ಲಿ ಗೆದ್ದೆವು. ಆರಿಸುವ ಹಕ್ಕು ಹೋಯಿತು. ಒಪ್ಪಂದದಲ್ಲಿ ಒಂದು ಕಿಂಡಿ ಮಾತ್ರ ಉಳಿದಿತ್ತು: ಮೊದಲು ಅಸ್ಪೃಶ್ಯರೇ ಓಟು ಹಾಕಿ ನಾಲ್ವರನ್ನು ಆರಿಸುವುದು, ಆಮೇಲೆ ಎಲ್ಲರೂ ಸೇರಿ ಆ ನಾಲ್ವರಲ್ಲಿ ಒಬ್ಬನನ್ನು ಗೆಲ್ಲಿಸುವುದು. ಸಂವಿಧಾನ ಬಂದಾಗ ಆ ಕಿಂಡಿಯೂ ಮುಚ್ಚಿತು. ಆ ಸಂವಿಧಾನದ ಕರಡನ್ನು ಕಟ್ಟಿದ ಅಂಬೇಡ್ಕರರೇ 1952ರ ಮೊದಲ ಲೋಕಸಭಾ ಚುನಾವಣೆಯಲ್ಲಿ ಮುಂಬಯಿ ಉತ್ತರದಲ್ಲಿ ಕಾಂಗ್ರೆಸ್ಸಿನ ಕಾಜರೋಳ್ಕರರ ಎದುರು ಸೋತರು, 1954ರಲ್ಲಿ ಭಂಡಾರಾದಲ್ಲೂ ಸೋತರು. ದಲಿತರ ಸ್ಥಾನ ಉಳಿಯಿತು, ದಲಿತರ ದನಿ ಹೊರಗೆ ನಿಂತಿತು.

ಆದರೂ ನಾವು ಪ್ರಾಮಾಣಿಕರಾಗಿರಬೇಕು. ಪ್ರತ್ಯೇಕ ಮತಕ್ಷೇತ್ರವೇ ಇದ್ದಿದ್ದರೆ ಗಜೇಂದ್ರಗಡದ ಕೇರಿ ಏನಾಗುತ್ತಿತ್ತು? ಊರಿನ ಗೌಡ ಐದು ವರ್ಷಕ್ಕೊಮ್ಮೆಯಾದರೂ ಕೇರಿಗೆ ಬಂದು "ಯವ್ವಾ, ಕೈ ಬಿಡಬ್ಯಾಡ" ಅನ್ನುತ್ತಾನಲ್ಲ, ಅದೂ ಇರುತ್ತಿರಲಿಲ್ಲ. ಅವನಿಗೆ ನಮ್ಮ ಓಟೇ ಬೇಡವಾಗಿದ್ದರೆ ನಮ್ಮ ನಲ್ಲಿಯ ಗತಿ ಏನು? ಈ ಮಾತನ್ನು ನಮ್ಮ ಗೆಳೆಯರೇ ಎತ್ತುತ್ತಾರೆ. ಇದನ್ನು ನಾವು ಪೂರ್ತಿ ತಳ್ಳಿಹಾಕಲಾರೆವು. ಹಾಗಂತ, ಒಮ್ಮೆ ಕೈ ಮುಗಿಸಿಕೊಂಡದ್ದು ಪ್ರಾತಿನಿಧ್ಯ ಎಂದು ಒಪ್ಪಲೂ ಆರೆವು.

ನಮ್ಮವನೇ ಹೋಗಬೇಕೆಂದೇನೂ ಇಲ್ಲ, ನೋವು ತಿಳಿದವನು ಹೋದರೆ ಸಾಕು ಎನ್ನುವವರಿಗೆ ನಾವು ನರಗುಂದ ತೋರಿಸುತ್ತೇವೆ. 1980ರ ಜುಲೈ 21. ಮಲಪ್ರಭಾ ಅಚ್ಚುಕಟ್ಟಿನ ರೈತರು ಬೆಟರ್‌ಮೆಂಟ್ ಲೆವಿಯ ವಿರುದ್ಧ ಎದ್ದರು. ಕಾಲುವೆಯಲ್ಲಿ ನೀರು ಬರುವ ಮೊದಲೇ ಕರದ ನೋಟೀಸು ಬಂದಿತ್ತು. ನರಗುಂದದಲ್ಲಿ, ನವಲಗುಂದದಲ್ಲಿ ಗೋಲಿಬಾರಾಯಿತು, ರೈತರ ಹೆಣ ಬಿದ್ದವು. ವಿಧಾನಸಭೆಯಲ್ಲೂ ಲೋಕಸಭೆಯಲ್ಲೂ ಇದೇ ಮಣ್ಣಿನ ಮಕ್ಕಳು ಕೂತಿದ್ದರು, ರೈತನ ನೋವು ಅವರಿಗೆ ತಿಳಿಯದ್ದೇನಲ್ಲ. ತಿಳಿದೂ ಬೀದಿಯೇ ಮಾತಾಡಬೇಕಾಯಿತು. ಆ ಬಂಡಾಯ ನಮ್ಮದೂ ಹೌದು. ಆದರೆ ಅದೇ ಬಂಡಾಯದೊಳಗೆ ನಾವು ಇನ್ನೊಂದು ಪ್ರಶ್ನೆ ಕೇಳುತ್ತೇವೆ. ಲೆವಿ ಬಿದ್ದದ್ದು ಹೊಲ ಇದ್ದವನ ಮೇಲೆ. ಆ ಹೊಲದಲ್ಲಿ ಕಳೆ ತೆಗೆದವಳ ಕೂಲಿಯ ಮಾತು ಅಂದು ಎಲ್ಲಿತ್ತು? ಕರ, ಬೆಲೆ ಮುಂದೆ ನಿಂತವು, ಕೂಲಿ ಹಿಂದೆ ಉಳಿಯಿತು. ರೈತನಿಗೆ ದಿಲ್ಲಿಯ ಪ್ರತಿನಿಧಿ ಹೇಗೊ, ಕೂಲಿಯವಳಿಗೆ ರೈತನೂ ಹಾಗೇ ಆದ.

ಇನ್ನೊಂದು ಮಾತು. ರಾಜ್ಯಗಳಿಗೆ ಲೋಕಸಭಾ ಸ್ಥಾನಗಳನ್ನು ಹಂಚಿದ್ದು 1971ರ ಜನಗಣತಿಯ ಲೆಕ್ಕದಲ್ಲಿ. 1957ರಲ್ಲಿ ಮೈಸೂರು ರಾಜ್ಯಕ್ಕೆ 26 ಇದ್ದವು, 1967ರಲ್ಲಿ 27 ಆದವು, 1977ರಿಂದ 28. ಈ ಹಂಚಿಕೆಯನ್ನು 1976ರ 42ನೆಯ ತಿದ್ದುಪಡಿ ಹಿಡಿದು ನಿಲ್ಲಿಸಿತು, 2001ರ 84ನೆಯ ತಿದ್ದುಪಡಿ 2026ರ ನಂತರದ ಮೊದಲ ಜನಗಣತಿಯ ತನಕ ಮುಂದೂಡಿತು. ಜನ ಹೆಚ್ಚಿದ ಉತ್ತರದ ರಾಜ್ಯಗಳಿಗೆ ಸ್ಥಾನ ಹೆಚ್ಚಾದರೆ ದಕ್ಷಿಣದ ದನಿ ಮುಳುಗುತ್ತದೆ ಎಂದು ನಮ್ಮ ನಾಡಿನ ನಾಯಕರು, ಪಂಡಿತರು ಹೇಳುತ್ತಾರೆ. ತಲೆ ಎಣಿಕೆಯೊಂದೇ ನ್ಯಾಯವಲ್ಲ, ಕಡಿಮೆ ಇದ್ದವರಿಗೂ ರಕ್ಷಣೆ ಬೇಕು ಎನ್ನುತ್ತಾರೆ. ಸರಿಯಾದ ಮಾತು, ನಾವೂ ದನಿಗೂಡಿಸುತ್ತೇವೆ. ಆದರೆ ಸ್ವಾಮಿ, 1932ರಲ್ಲಿ ಅಂಬೇಡ್ಕರರು ಹೇಳಿದ ಮಾತೂ ಇದೇ ಅಲ್ಲವೆ? ದಿಲ್ಲಿಯೆದುರು ಕರ್ನಾಟಕ ಹೇಗೆ ನಿಂತಿದೆಯೊ ಊರಿನೆದುರು ಕೇರಿ ಹಾಗೆ ನಿಂತಿದೆ. ದಿಲ್ಲಿಗೆ ಹೇಳುವಾಗ ನ್ಯಾಯವಾದ ಮಾತು ಊರಿಗೆ ಹೇಳುವಾಗ ಜಾತೀಯತೆ ಹೇಗಾದೀತು?

ಈ ಮಾತನ್ನು ಒಂದು ಸಂಜೆ ರೋಣದ ಕೇರಿಯಲ್ಲಿ ಕೂತು ಆಡಿದೆವು. ಗೋವಾಕ್ಕೆ, ಮಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಿ ಬಂದ ಹುಡುಗರಿದ್ದರು. "ವರ್ಷದಾಗ ಒಂಬತ್ತ ತಿಂಗಳ ನಾವು ಇರೂದ ಅಲ್ಲಿ, ನಮ್ಮ ಓಟು ಇಲ್ಲಿ. ಅಲ್ಲೀ ಎಂಪಿಗೆ ನಾವು ಬ್ಯಾಡ, ಇಲ್ಲೀ ಎಂಪಿಗೆ ಒಂದ ದಿನಕ್ಕ ಬೇಕು, ಅದಕ್ಕ ಗಾಡಿ ಕಳಸ್ತಾರ" ಎಂದ ಒಬ್ಬ. ಪಟ್ಟಿ ಮಾಡಿ, ಬರುವ ಅಭ್ಯರ್ಥಿಗೆ ಮುಖದ ಮೇಲೆ ಕೇಳೋಣ ಎಂದ ಇನ್ನೊಬ್ಬ. ನಮ್ಮವರನ್ನೇ ನಿಲ್ಲಿಸೋಣ, ಸೋತರೂ ಚಿಂತೆಯಿಲ್ಲ ಎಂದ ಮತ್ತೊಬ್ಬ. "ಸೋತ ಮ್ಯಾಲ ಗೌಡ್ರ ಹೊಲಕ್ಕ ಕೆಲಸಕ್ಕ ಹೋಗಾಕ ಬರತೈತೇನೋ?" ಎಂದು ಅವನ ತಾಯಿ ಒಳಗಿನಿಂದಲೇ ಕೇಳಿದಳು. ಯಾರೂ ಉತ್ತರ ಕೊಡಲಿಲ್ಲ. ಪಟ್ಟಿಯನ್ನು ಮಾತ್ರ ಬರೆದೆವು: ಕೂಲಿ, ನೀರು, ಸುಡುಗಾಡಿನ ಜಾಗ, ಹಾಸ್ಟೆಲು. ಬೆಳಿಗ್ಗೆ ಕಡಲೆ ಕೀಳಲು ಹೋಗಬೇಕಾದವರು ಒಬ್ಬೊಬ್ಬರಾಗಿ ಎದ್ದು ಹೋದರು.