ದಾರಿ ಹೇಳಬಾರದ ಕೆಲಸ

ನಮ್ಮೂರಲ್ಲಿ ಯಾರಾದರೂ ದಾರಿ ಕೇಳಿದರೆ ಬರೀ ಕೈ ತೋರಿಸಿ ಕಳಿಸೋ ರೂಢಿ ಇಲ್ಲ. ಕಟ್ಟೆ ಮೇಲೆ ಕೂತವರು ಎದ್ದು ತಿರುವಿನ ತನಕ ಜೊತೆಗೆ ಬರ್ತಾರೆ. ಯಾರ ಮನೆಗೆ, ಏನು ಸಮಾಚಾರ ಅಂತ ಪೂರ್ತಿ ವಿಚಾರಿಸಿಕೊಂಡೇ ಬಿಡ್ತಾರೆ, ಅದು ಬೇರೆ ಮಾತು. ಹೋದ ವರ್ಷ ಆಫೀಸಲ್ಲಿ ನನಗೆ ಸಿಕ್ಕ ಕೆಲಸ ಇದಕ್ಕೆ ತದ್ವಿರುದ್ಧ. ದಾರಿ ತಪ್ಪಿದವರ ಪಕ್ಕದಲ್ಲೇ ಕೂತು, ದಾರಿ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿರೋದು.

ಒಂದು ಆಸ್ಪತ್ರೆಯ ವೆಬ್‌ಸೈಟ್. ಅದರ ಮೆನು ಜನಕ್ಕೆ ಅರ್ಥವಾಗುತ್ತಾ ಅಂತ ಜನರನ್ನೇ ಕರೆಸಿ ನೋಡಬೇಕಿತ್ತು. ಬಂದವರಿಗೆ ಒಂದು ಕೆಲಸ ಕೊಡ್ತೀವಿ: 'ನಿನ್ನೆ ರಕ್ತಪರೀಕ್ಷೆ ಮಾಡಿಸಿದ್ದೀರಿ, ರಿಪೋರ್ಟ್ ಹುಡುಕಿ.' ಆಮೇಲೆ ಸುಮ್ಮನೆ ನೋಡೋದು. 'ಇದನ್ನ ಒತ್ತಲಾ?' ಅಂತ ಕೇಳಿದರೆ 'ನಿಮಗೇನನ್ನಿಸುತ್ತೆ?' ಅಂತ ತಿರುಗಿ ಕೇಳಬೇಕು. ತಪ್ಪು ಕಡೆ ಹೋದರೂ ಹುಬ್ಬು ಅಲ್ಲಾಡಬಾರದು. ನಾವು ಬಾಯಿ ಬಿಟ್ಟರೆ ಮೆನುವಿನ ತಪ್ಪು ಮುಚ್ಚಿಹೋಗುತ್ತೆ. ನಾಳೆ ಅದನ್ನು ಮನೆಯಲ್ಲಿ ತೆರೆಯೋ ಸಾವಿರಾರು ಜನರ ಪಕ್ಕದಲ್ಲಿ ನಾವೇನು ಕೂತಿರ್ತೀವಾ? ಒಪ್ಪೋ ಮಾತೇ.

ಕರೆಸಿದ್ದು ಐದು ಜನರನ್ನ. ಜೇಕಬ್ ನೀಲ್ಸನ್ 2000ದಲ್ಲಿ ಬರೆದ ಒಂದು ಲೇಖನದಿಂದಾಗಿ ಈ ಐದು ಅನ್ನೋದು ನಮ್ಮ ಫೀಲ್ಡಲ್ಲಿ ಮಂತ್ರ ಆಗಿಬಿಟ್ಟಿದೆ. ಐದು ಜನ ನೋಡಿದರೆ ಸುಮಾರು 85% ತೊಂದರೆಗಳು ಕಣ್ಣಿಗೆ ಬೀಳ್ತವೆ ಅನ್ನೋದು ಅವನ ಲೆಕ್ಕ. ಆದರೆ ಯಾವ ಐದು ಜನ? ನಮ್ಮ ಮೊದಲ ನಾಲ್ವರು ನಮ್ಮಂಥವರೇ. ಕನ್ನಡದಲ್ಲಿ ತೆರೆದುಕೊಂಡ ಪುಟವನ್ನು ಮೊದಲ ಕ್ಲಿಕ್ಕಲ್ಲೇ ಇಂಗ್ಲಿಷಿಗೆ ತಿರುಗಿಸಿಕೊಂಡರು. (ನಾನೂ ಎಟಿಎಂನಲ್ಲಿ ಇಂಗ್ಲಿಷೇ ಒತ್ತೋದು, ಸುಳ್ಳು ಹೇಳಲ್ಲ.) ರಿಪೋರ್ಟ್ ಥಟ್ಟನೆ ಸಿಕ್ಕಿತು. ಎಲ್ಲರಿಗೂ ಖುಷಿ.

ಐದನೆಯವರು ಐವತ್ತು ದಾಟಿದ ಒಬ್ಬ ಅಮ್ಮ. ಕನ್ನಡದಲ್ಲೇ ನೋಡಿದರು. 'ಸೇವೆಗಳು' ಒತ್ತಿದರು, ಅಲ್ಲಿಂದ 'ಪ್ರಯೋಗಾಲಯ'ಕ್ಕೆ ಹೋದರು. ಅಲ್ಲಿದ್ದದ್ದು ಯಂತ್ರಗಳ ಫೋಟೋ, ಲ್ಯಾಬಿನ ಸಮಯ. ವಾಪಸ್ ಬಂದರು. 'ರೋಗಿಗಳ ಮಾಹಿತಿ' ಒತ್ತಿದರೆ ನೋಡಲು ಬರುವವರಿಗೆ ನಿಯಮಗಳು. ಆಸ್ಪತ್ರೆಯ ಒಳಗೆ ವಿಭಾಗಗಳು ಹೇಗಿವೆಯೋ ಮೆನುವೂ ಹಾಗೇ ಇತ್ತು. ರಿಪೋರ್ಟ್ ಬೇಕಾದವರಿಗೆ ಆ ವಿಭಾಗಗಳಿಂದ ಏನಾಗಬೇಕು? ಕೊನೆಗೆ ಮೂಲೆಯ ಮೂರು ಗೆರೆ ಒತ್ತಿದರು. 1981ರಲ್ಲಿ ಜೆರಾಕ್ಸ್ ಸ್ಟಾರ್ ಕಂಪ್ಯೂಟರಿಗಾಗಿ ನಾರ್ಮ್ ಕಾಕ್ಸ್ ಬರೆದ ಚಿಹ್ನೆ ಅದು. ಅದರೊಳಗೆ ಏನಾದರೂ ಇದೆ ಅಂತ ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ.

'ನನ್ನ ಖಾತೆ' ಕಾಣಿಸಿತು. ಬೆರಳು ನಿಂತಿತು. 'ಖಾತೆ ಅಂದ್ರೆ ಬ್ಯಾಂಕಿಂದು ಅಲ್ವಾ? ದುಡ್ಡು ಗಿಡ್ಡು ಕಟ್ ಆಗುತ್ತೇನೋ' ಅಂದರು. ಧೈರ್ಯ ಮಾಡಿ ಒತ್ತಿದರು. ಒಳಗೆ 'ದಾಖಲೆಗಳು'. 'ಇದು ಆಧಾರ್, ಪಹಣಿ ಎಲ್ಲ ಕೊಡೋದಿರಬೇಕು' ಅಂತ ಹಿಂದೆ ಹೋಗಿಬಿಟ್ಟರು. ರಿಪೋರ್ಟ್ ಇದ್ದದ್ದು ಅಲ್ಲೇ, ಇನ್ನೊಂದು ಕ್ಲಿಕ್ ದೂರದಲ್ಲಿ.

ಆ ಎರಡು ಪದ ಹಾಕಿದವನು ನಾನು. ಟೀಮಲ್ಲಿ ಕನ್ನಡ ಓದಿದವನು ನಾನೊಬ್ಬನೇ ಅಂತ ಮೆನುವಿನ ಅನುವಾದ ನನ್ನ ತಲೆಗೆ ಕಟ್ಟಿದ್ದರು, ಒಂದು ಶುಕ್ರವಾರ ಸಂಜೆ ಮುಗಿಸಿ ಕಳಿಸಿದ್ದೆ. ರಿಪೋರ್ಟಿಗೆ ನಮ್ಮಮ್ಮ 'ರಿಪೋರ್ಟು' ಅಂತಲೇ ಅನ್ನೋದು. ಅದು ನನಗೆ ಗೊತ್ತಿರಲಿಲ್ಲವಾ?

ಎಂಟು ನಿಮಿಷ ಆದಮೇಲೆ ಅವರು ಮೌಸ್ ಬಿಟ್ಟು ಕೈಕಟ್ಟಿಕೊಂಡರು. 'ನನಗೆ ಇವೆಲ್ಲ ತಲೆಗೆ ಹತ್ತಲ್ಲಪ್ಪ. ನನ್ನಿಂದ ನಿಮ್ಮ ಟೈಮ್ ವೇಸ್ಟ್ ಆಯ್ತು, ಬೇಜಾರು ಮಾಡ್ಕೋಬೇಡಿ' ಅಂದರು.

ಶುರುವಿನಲ್ಲೇ ಕಾಗದ ನೋಡಿಕೊಂಡು ಓದಿದ್ದೆ: 'ನಾವು ಪರೀಕ್ಷೆ ಮಾಡ್ತಿರೋದು ವೆಬ್‌ಸೈಟನ್ನ, ನಿಮ್ಮನ್ನಲ್ಲ.' ನಿಜವಾದ ಮಾತು, ಆದರೆ ಯಾರು ನಂಬ್ತಾರೆ? ಪಕ್ಕದಲ್ಲೊಬ್ಬ ಕೂತು ನೀವು ತಡವರಿಸಿದಾಗಲೆಲ್ಲ ಏನೋ ಬರೆದುಕೊಳ್ತಿದ್ದರೆ ಅದು ಪರೀಕ್ಷೆಯೇ. ವಸ್ತುವಿನ ವಿನ್ಯಾಸ ಕೆಟ್ಟದ್ದಿದ್ದಾಗಲೂ ಜನ ತಮ್ಮನ್ನೇ ದೂರಿಕೊಳ್ತಾರೆ ಅಂತ ಡಾನ್ ನಾರ್ಮನ್ 1988ರ ತನ್ನ ಪುಸ್ತಕದಲ್ಲೇ ಬರೆದಿದ್ದಾನೆ. ಕೌಂಟರಿನ ಮುಂದೆ ಫಾರಂ ಹಿಡಿದು, 'ತಪ್ಪಾಯ್ತು ಸ್ವಾಮಿ, ಗೊತ್ತಾಗಲಿಲ್ಲ' ಅಂದು ಅಭ್ಯಾಸವಾದ ನಮ್ಮ ಜನಕ್ಕೆ ಇದನ್ನು ಅಮೆರಿಕದವನು ಹೇಳಬೇಕಿಲ್ಲ.

ವಿಡಿಯೋ ಮಾಡಿಕೊಳ್ಳೋಕೆ ಅವರಿಂದ ಸಹಿ ಹಾಕಿಸಿಕೊಂಡಿದ್ವಿ, ನ್ಯಾಯವಾಗಿ. ತಾನು ದಡ್ಡಿ ಅಂದುಕೊಂಡು ಮನೆಗೆ ಹೋಗೋಕೆ ಅವರು ಸಹಿ ಹಾಕಿರಲಿಲ್ಲ. ಸುಮ್ಮನಿದ್ದದ್ದು ತಪ್ಪು ಅಂತ ಈಗಲೂ ನನಗೆ ಅನ್ನಿಸಲ್ಲ, ಮಾತಾಡಿದ್ದರೆ ಆ 'ಖಾತೆ' ಅಲ್ಲೇ ಉಳಿದಿರ್ತಿತ್ತು. ನನ್ನ ಕೊರೆಯೋದು ಅದರ ನಂತರದ್ದು. ಮುಗಿದ ಮೇಲೆ ಸ್ಕ್ರೀನ್ ನನ್ನ ಕಡೆ ತಿರುಗಿಸಿಕೊಂಡು ದಾರಿ ತೋರಿಸಿದೆ. 'ಅಯ್ಯೋ, ರಿಪೋರ್ಟ್ ಅಂತಲೇ ಬರೆದಿದ್ರೆ ಆಗ್ತಿತ್ತಲ್ಲ' ಅಂದರು. 'ಹೌದು, ಅದು ನಮ್ಮ ತಪ್ಪು' ಅಂದೆ. 'ನನ್ನ ತಪ್ಪು' ಅನ್ನೋಕೆ ಬಾಯಿ ಬರಲಿಲ್ಲ. ಅವರು ನಕ್ಕು, ಗಿಫ್ಟ್ ಕಾರ್ಡ್ ತಗೊಂಡು ಹೋದರು.

ಈಗ ಮೊದಲ ಪುಟದಲ್ಲೇ 'ನಿಮ್ಮ ರಿಪೋರ್ಟ್' ಅಂತಿದೆ. ಅವತ್ತು ಸಂಜೆ ಫಲಿತಾಂಶದ ಶೀಟಲ್ಲಿ ಐದನೇ ಸಾಲಿಗೆ, ಹೆಸರಿನ ಜಾಗದಲ್ಲಿ ಬರೀ ನಂಬರ್ ಹಾಕಿ, ಮುಂದೆ 'ಯೂಸರ್ ಫೇಲ್ಡ್' ಅಂತ ತುಂಬಬೇಕಿತ್ತು. ನಾನು 'ಮೆನು ಫೇಲ್ಡ್' ಅಂತ ಬರೆದೆ. ಮಾರನೇ ದಿನ ನೋಡಿದರೆ ಟೆಂಪ್ಲೇಟ್ ಕೆಡುತ್ತೆ ಅಂತ ಯಾರೋ ವಾಪಸ್ ಬದಲಾಯಿಸಿದ್ದರು.