ಆರತಿಯ ನಂತರದ ಶಾಲು

ನಮ್ಮ ಉಪನಗರದ ಒಂದು ದೇವಸ್ಥಾನದ ಲೆಕ್ಕಪತ್ರವನ್ನು ಮೂರು ವರ್ಷ ನಾನೇ ನೋಡಿಕೊಂಡಿದ್ದೆ. ಚುನಾವಣೆಗೆ ಹದಿನೈದು ದಿನವಿರುವಾಗ, ಮಹಾಮಂಗಳಾರತಿ ಮುಗಿಯುತ್ತಲೇ ಅಭ್ಯರ್ಥಿಯೊಬ್ಬರಿಗೆ ಶಾಲು ಹೊದಿಸಿದರು. "ಇವರು ನಮ್ಮವರು, ಮರೆಯಬೇಡಿ" ಎಂದು ಅಧ್ಯಕ್ಷರು ಮೈಕಿನಲ್ಲಿ ಹೇಳಿದರು. ನಾನೂ ಚಪ್ಪಾಳೆ ತಟ್ಟಿದೆ.

ಕಸಿವಿಸಿ ಶುರುವಾದದ್ದು ಮನೆಗೆ ಬಂದ ಮೇಲೆ. ಲೆಕ್ಕ ನೋಡುವವನಿಗೆ ಮೊದಲು ಹೊಳೆಯುವುದು ತೆರಿಗೆಯ ವಾದ. 1961ರ ಆದಾಯ ತೆರಿಗೆ ಕಾಯ್ದೆಯ 11ನೇ ಕಲಂ ಧಾರ್ಮಿಕ ಟ್ರಸ್ಟಿನ ಆದಾಯಕ್ಕೆ ವಿನಾಯಿತಿ ಕೊಟ್ಟಿತು. ಅದು ಊರಿನವರೆಲ್ಲ ಬಿಟ್ಟುಕೊಟ್ಟ ಹಣ, ಒಬ್ಬರ ಪ್ರಚಾರಕ್ಕಲ್ಲ. ಅಮೆರಿಕದ ಚರ್ಚುಗಳಿಗೆ 1954ರ ಜಾನ್ಸನ್ ತಿದ್ದುಪಡಿ ಹಾಕಿದ ಷರತ್ತೂ ಇದೇ. ಆದರೆ ಅದೇ ಕಾಯ್ದೆಯ 13ಎ ಕಲಮಿನಲ್ಲಿ ರಾಜಕೀಯ ಪಕ್ಷಗಳಿಗೂ ವಿನಾಯಿತಿ ಇತ್ತಲ್ಲ! ಅವು ಹಗಲೂ ರಾತ್ರಿ ಪ್ರಚಾರವನ್ನೇ ಮಾಡುತ್ತವೆ. ವಾದ ಅಲ್ಲಿಗೆ ಕುಂಟಿತು.

ನಮ್ಮ ಕಾನೂನು ತೆರಿಗೆಯ ಗೊಡವೆಗೇ ಹೋಗುವುದಿಲ್ಲ. ಸ್ವರ್ಣಮಂದಿರದ ಬ್ಲ್ಯಾಕ್ ಥಂಡರ್ ಕಾರ್ಯಾಚರಣೆ ನಡೆದ 1988ರಲ್ಲೇ ಬಂದ ಧಾರ್ಮಿಕ ಸಂಸ್ಥೆಗಳ ದುರುಪಯೋಗ ತಡೆ ಕಾಯ್ದೆ, ಪೂಜಾಸ್ಥಳದಲ್ಲಿ ರಾಜಕೀಯ ಚಟುವಟಿಕೆ ನಡೆಸಿದರೆ ಐದು ವರ್ಷದವರೆಗೆ ಜೈಲು ಎನ್ನುತ್ತದೆ. ಪಕ್ಷದ ಕೆಲಸವಷ್ಟೇ ಅಲ್ಲ, ರಾಜಕೀಯ ಸ್ವರೂಪದ ಯಾವ ಪ್ರಶ್ನೆಗಾಗಿ ಸಭೆ ಸೇರಿಸಿದರೂ ಅದರೊಳಗೆ ಬರುತ್ತದೆ. ಇಷ್ಟು ಅಗಲದ ಬಲೆ ನನಗೆ ಒಪ್ಪಿಗೆಯಿಲ್ಲ. 1930ರಲ್ಲಿ ಅಂಬೇಡ್ಕರರ ನೇತೃತ್ವದಲ್ಲಿ ನಾಸಿಕದ ಕಾಳಾರಾಮ ದೇವಸ್ಥಾನದ ಪ್ರವೇಶಕ್ಕಾಗಿ ನಡೆದ ಸತ್ಯಾಗ್ರಹ ಧರ್ಮವೋ ರಾಜಕೀಯವೋ? ಅದನ್ನು ಬೆಂಬಲಿಸಿ ಪ್ರಾಂಗಣದಲ್ಲಿ ಸಭೆ ಕರೆಯುವ ಅರ್ಚಕನೊಬ್ಬ ಇದ್ದಿದ್ದರೆ, ಇಂಥ ಕಾಯ್ದೆ ಅವನನ್ನೂ ಹಿಡಿಯಬಹುದಿತ್ತು.

ಇನ್ನು ವಿಲೆ ಪಾರ್ಲೆ. 1987ರ ಉಪಚುನಾವಣೆಯಲ್ಲಿ ಬಾಳ ಠಾಕ್ರೆ ಹಿಂದೂ ಧರ್ಮದ ಹೆಸರಿನಲ್ಲಿ ಮತ ಕೇಳಿದರು. ಗೆದ್ದ ರಮೇಶ ಪ್ರಭು ಅವರ ಆಯ್ಕೆ ರದ್ದಾದದ್ದನ್ನು ಸುಪ್ರೀಂ ಕೋರ್ಟು 1995ರಲ್ಲಿ ಎತ್ತಿಹಿಡಿಯಿತು. 1990ರ ಸಾಂತಾಕ್ರೂಜ್ ಚುನಾವಣೆಯ ತಕರಾರಿನಿಂದಲೇ ಬೆಳೆದ ಪ್ರಶ್ನೆಗೆ 2017ರಲ್ಲಿ ಏಳು ನ್ಯಾಯಮೂರ್ತಿಗಳು ಉತ್ತರಿಸಿದರು: ಮತದಾರನ ಧರ್ಮದ ಹೆಸರಿನಲ್ಲಿ ಕೇಳಿದರೂ ತಪ್ಪೇ. ಅದೂ ನಾಲ್ವರ ಮಾತು, ಮೂವರು ಒಪ್ಪಲಿಲ್ಲ.

ಆದರೂ ಮೈದಾನದ ಸಭೆಯಲ್ಲಿ ಬೇಡವೆನಿಸಿದವನು ಎದ್ದು ಹೋಗಬಹುದು, ಕೂಗಬಹುದು. ನಮ್ಮಲ್ಲಿ ಆ ದಿನ ಎಲ್ಲರ ಕೈ ಮುಗಿದಿತ್ತು, ಎದುರಿಗೆ ದೇವರಿದ್ದ, ಪ್ರಸಾದ ಇನ್ನೂ ಹಂಚಿರಲಿಲ್ಲ. ಅಲ್ಲಿ ಯಾರು ಎದುರು ಮಾತಾಡುತ್ತಾರೆ? ದೇವರಿಗೆಂದು ಬಾಗಿದ ತಲೆಯನ್ನು ಅಧ್ಯಕ್ಷರು ಇನ್ನೊಬ್ಬರಿಗೆ ದಾಟಿಸಿದ್ದರು. ನನ್ನ ತಕರಾರು ಅಷ್ಟೇ.

ಮುಂದಿನ ಸಮಿತಿ ಸಭೆಯಲ್ಲಿ ಇದನ್ನೇ ಹೇಳಿದೆ. ಹಿರಿಯರೊಬ್ಬರು ನಕ್ಕರು. "ಎಂತ ಮಾರಾಯ್ರೆ, ಮಳೆಗಾಲಕ್ಕೆ ಮುಂಚೆ ಮಾಡಿಗೆ ಶೀಟು ಹಾಕಿಸಿದ್ದು ಅವರೇ ಅಲ್ವಾ?"

ಹೌದು. ಆ ರಸೀದಿಯನ್ನು 'ಜೀರ್ಣೋದ್ಧಾರ' ಎಂದು ಬರೆದು ಹರಿದುಕೊಟ್ಟವನು ನಾನೇ.