ದೀಪವನ್ನು ಯಾರಿಗಾಗಿ ತೂಗಹಾಕಬೇಕು?

ದೀಪ ಹಚ್ಚುವುದು ಪುಣ್ಯಕಾರ್ಯವೆಂಬುದನ್ನು ಎಲ್ಲರೂ ಬಲ್ಲರು. ಆದರೆ ದೀಪವನ್ನು ಎಲ್ಲಿ ತೂಗಹಾಕಬೇಕೆಂಬುದು ನೀತಿಯ ಪ್ರಶ್ನೆಯಾಗಬಲ್ಲುದೆಂದರೆ ವಾಚಕರು ನಗಬಹುದು. ಕೆಲವು ವರ್ಷಗಳ ಹಿಂದೆ ನಾವೂ ನಗುತ್ತಿದ್ದೆವು. ಈಗ ನಗಲಾರೆವು. ಅದರ ಕಾರಣವನ್ನು ಇಲ್ಲಿ ನಿವೇದಿಸಿಕೊಳ್ಳುವೆವು.

ನಮ್ಮ ಉಮರ್ಗಾ ಸೀಮೆಯ ಹಳೆಯ ಮನೆಗಳು ಕಲ್ಲುಮಣ್ಣಿನ ದಪ್ಪ ಗೋಡೆಯವು. ತೊಲೆಜಂತೆಗಳ ಮೇಲೆ ಮಣ್ಣು ಹೊದಿಸಿದ ಮಾಳಿಗೆಯವು. ಕಿಟಕಿಗಳು ಕಡಿಮೆ. ಅಡಿಗೆಮನೆಗೆ ಬೆಳಕು ಬರುತ್ತಿದ್ದುದು ಮಾಳಿಗೆಯಲ್ಲಿ ಬಿಟ್ಟ ಬೆಳಕಿಂಡಿಯಿಂದ. ಒಲೆಯ ಹೊಗೆ ಅದರಿಂದ ಮೇಲಕ್ಕೇರುತ್ತಿತ್ತು, ಬಿಸಿಲಕೋಲು ಅದರಿಂದಲೇ ಕೆಳಗಿಳಿದು ರೊಟ್ಟಿ ಬಡಿಯುವ ಕೈಗಳ ಹತ್ತಿರ ಬೀಳುತ್ತಿತ್ತು. ಹಗಲಿನಲ್ಲಿ ಈ ಏರ್ಪಾಡು ನ್ಯಾಯವಾದುದೇ. ಇರುಳಾದೊಡನೆ ನ್ಯಾಯವು ತಪ್ಪುತ್ತಿತ್ತು. ಇದ್ದ ಒಂದು ಕಂದೀಲು ಪಡಸಾಲೆಯಲ್ಲಿ ತೂಗುತ್ತಿತ್ತು. ಲೆಕ್ಕ ಬರೆಯುವವರಿಗೆ, ಓದುವ ಹುಡುಗರಿಗೆ, ಬಂದ ಬೀಗರಿಗೆ ಅದರ ಬೆಳಕು. ಅವರೆಲ್ಲರಿಗೂ ಉಣಬಡಿಸುವವಳಿಗೆ ಒಲೆಯ ಉರಿ ಮತ್ತು ಗೂಡಿನೊಳಗಿನ ಚಿಮಣಿ. ಇದನ್ನು ಯಾರೂ ಅನ್ಯಾಯವೆಂದು ತಿಳಿದಿರಲಿಲ್ಲ, ಆಕೆಯೂ ತಿಳಿದಿರಲಿಲ್ಲ.

1993ನೆಯ ಸಪ್ಟೆಂಬರ 30ರ ನಸುಕಿನಲ್ಲಿ ಕಿಲ್ಲಾರಿಯ ಭೂಕಂಪವಾಯಿತು. ಲಾತೂರು ಜಿಲ್ಲೆಯಲ್ಲಿಯೂ, ಈಗ ಧಾರಾಶಿವವೆಂದು ಕರೆಯಲ್ಪಡುವ ಅಂದಿನ ಉಸ್ಮಾನಾಬಾದ ಜಿಲ್ಲೆಯಲ್ಲಿಯೂ ಆ ದಪ್ಪ ಗೋಡೆಗಳೂ ಭಾರವಾದ ಮಾಳಿಗೆಗಳೂ ಮಲಗಿದವರ ಮೇಲೆ ಕುಸಿದು ಸಾವಿರಾರು ಜನರು ಅಸುನೀಗಿದರು. ನಾವು ಆಗ ತೊಟ್ಟಿಲ ಕೂಸು. ಅನಂತರ ಸಿಮೆಂಟಿನ ಮನೆಗಳು ಎದ್ದವು. ಮಾಳಿಗೆಯೊಡನೆ ಬೆಳಕಿಂಡಿಯೂ ಹೋಯಿತು. ಹಳೆಯದನ್ನು ನೆನೆದು ನಾವು ಮರುಗುತ್ತಿಲ್ಲ. ಜೀವ ಉಳಿಸುವ ಛಾವಣಿಯೇ ಒಳ್ಳೆಯ ಛಾವಣಿ. ಆದರೆ ಹೊಸ ಅಡಿಗೆಮನೆಯಲ್ಲಿ ವಿದ್ಯುದ್ದೀಪವನ್ನು ಛಾವಣಿಯ ನಟ್ಟನಡುವೆ ತೂಗಹಾಕಿದರು, ಒಲೆಯ ಕಟ್ಟೆಯನ್ನು ಗೋಡೆಗೆ ಹಚ್ಚಿ ಕಟ್ಟಿದರು. ಅಡಿಗೆ ಮಾಡುವವರು ದೀಪಕ್ಕೆ ಬೆನ್ನು ಮಾಡಿ ನಿಲ್ಲಬೇಕಾಯಿತು. ನಮ್ಮ ಅವ್ವ ಇಪ್ಪತ್ತೈದು ವರ್ಷಕ್ಕೂ ಮಿಕ್ಕಿ ತನ್ನ ನೆರಳಿನಲ್ಲಿಯೇ ಅಡಿಗೆ ಮಾಡಿದಳು.

ಮೂರು ವರ್ಷಗಳ ಹಿಂದೆ ನಾವು ಮನೆಯನ್ನು ಹೊಸದಾಗಿ ಕಟ್ಟಿಸಿದೆವು. ಈಗಿನ ರೂಢಿಯಂತೆ ಅಡಿಗೆಮನೆಯ ನಡುವೆ, ಸುತ್ತಲೂ ನಿಂತು ಕೆಲಸ ಮಾಡಬಹುದಾದ ಒಂದು ಕಟ್ಟೆಯನ್ನು ಮಾಡಿಸಿ, ಅದರ ಮೇಲೆ ಮೂರು ತೂಗುದೀಪಗಳನ್ನು ಇಳಿಬಿಡಿಸಿದೆವು. ಕೆಂಪು ಛಾಯೆಯ ಗಾಜಿನ ಬುರುಡೆಗಳು; ಪಡಸಾಲೆಯಲ್ಲಿ ಕುಳಿತವರಿಗೆ ಮಾಣಿಕದಂತೆ ತೋರುತ್ತಿದ್ದವು. ಗೃಹಪ್ರವೇಶಕ್ಕೆ ಬಂದವರೆಲ್ಲರೂ ಹೊಗಳಿದರು, ನಾವು ಹಿಗ್ಗಿದೆವು.

ವಾರವೊಂದು ಕಳೆದಿರಬಹುದು. ಒಂದು ಸಂಜೆ ಶಾಲೆಯಿಂದ ಬಂದಾಗ ಅವ್ವ ಮೊರವನ್ನು ಹಿಡಿದು ಅಂಗಳದಲ್ಲಿ ಕುಳಿತು, ಮುಳುಗುವ ಹೊತ್ತಿನ ಬೆಳಕಿಗೆ ತೊಗರಿಬೇಳೆಯಲ್ಲಿಯ ಹರಳನ್ನು ಆರಿಸುತ್ತಿದ್ದಳು. ಒಳಗೆ ಮೂರು ದೀಪಗಳಿರುವಾಗ ಹೊರಗೇಕೆಂದು ಕೇಳಿದೆವು. ಆಕೆ ತಲೆಯೆತ್ತದೆ, “ದೀಪ ಛಂದ ಅದಾವ, ತಮ್ಮಾ. ಆದ್ರ ನನ್ನ ಕೈ ನನಗ ಕಾಣವಲ್ದು” ಎಂದಳು. ದೂರುವ ದನಿ ಅದಾಗಿರಲಿಲ್ಲ; ಆದುದರಿಂದಲೇ ಅದು ನಮ್ಮನ್ನು ಹೆಚ್ಚಾಗಿ ಇರಿಯಿತು.

ಅಂದು ರಾತ್ರಿ ನಾವು ಆಕೆ ನಿಲ್ಲುವಲ್ಲಿ, ಮೊಣಕಾಲು ಮಡಿಸಿ, ಆಕೆಯ ಎತ್ತರಕ್ಕೆ ತಗ್ಗಿ ನಿಂತು ನೋಡಿದೆವು. ನಮ್ಮ ಎದೆಯ ಮಟ್ಟದಲ್ಲಿದ್ದ ಬುರುಡೆ ಆಕೆಯ ಕಣ್ಣಿಗೆ ನೇರವಾಗಿ ಉರಿಯುತ್ತಿತ್ತು. ಕಣ್ಣೆದುರು ಪ್ರಖರವಾದ ಬೆಳಕಿದ್ದರೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಅದರ ಕೆಳಗಿನ ವಸ್ತು ಮತ್ತಷ್ಟು ಮಬ್ಬಾಗುತ್ತದೆ. ಕೆಂಪು ಗಾಜಿನ ಬೆಳಕಿನಲ್ಲಿ ಅರಿಸಿನ ಯಾವುದು, ಖಾರಪುಡಿ ಯಾವುದು, ಬೇಳೆ ಯಾವುದು, ಹರಳು ಯಾವುದು ಎಂಬ ಭೇದವೇ ಅಳಿಸಿಹೋಗಿತ್ತು.

ನಾಚಿಕೆಯ ಮಾತು ಇನ್ನೂ ಇದೆ. ಶಿಕ್ಷಕ ತರಬೇತಿಯಲ್ಲಿ ನಾವು ಕಲಿತ ಮೊದಲ ಪಾಠಗಳಲ್ಲಿ, ಬಲಗೈಯಿಂದ ಬರೆಯುವ ಮಕ್ಕಳಿಗೆ ಬೆಳಕು ಎಡಗಡೆಯಿಂದ ಬರಬೇಕು, ಕೈಯ ನೆರಳು ಅಕ್ಷರದ ಮೇಲೆ ಬೀಳಬಾರದು ಎಂಬುದೂ ಒಂದು. ಹತ್ತು ವರ್ಷಗಳಿಂದ ಅದರಂತೆಯೇ ಮಕ್ಕಳನ್ನು ಕೂಡ್ರಿಸುತ್ತ ಬಂದಿದ್ದೇವೆ. ಅದೇ ನಿಯಮವು ಹೆತ್ತ ತಾಯಿಯ ಕೈಗೂ ಸಲ್ಲುವುದೆಂದು ಒಂದು ದಿನವೂ ನಮಗೆ ಹೊಳೆಯಲಿಲ್ಲ. ಶಾಲೆಯ ಹೊಸ್ತಿಲಲ್ಲಿಯೇ ಉಳಿದುಬಿಡುವ ವಿದ್ಯೆಯನ್ನು ವಿದ್ಯೆಯೆಂದು ಕರೆಯಬಹುದೇ?

ಮರುದಿನವೇ ಬುರುಡೆಗಳನ್ನು ಕಳಚಿಸಿದೆವು. ಅವುಗಳ ಬದಲು, ಬಲ್ಬು ಕಣ್ಣಿಗೆ ಬೀಳದಂತೆ ಸುತ್ತಲೂ ಮುಚ್ಚಿ, ಕೆಳಗೆ ಮಾತ್ರ ತೆರೆದಿರುವ ಸಾದಾ ತಗಡಿನ ಗುಬ್ಬಿಗಳನ್ನು ತಂದೆವು. ಕಟ್ಟೆಯ ಮೇಲ್ಮೈಯಿಂದ ದೀಪದ ಅಂಚಿನವರೆಗೆ 75ರಿಂದ 90 ಸೆಂಟಿಮೀಟರು, ಒಂದು ದೀಪದಿಂದ ಇನ್ನೊಂದಕ್ಕೆ 60ರಿಂದ 75 ಸೆಂಟಿಮೀಟರು ಇರುವುದು ರೂಢಿ. ಅವ್ವನನ್ನು ಕಟ್ಟೆಯ ಬಳಿ ನಿಲ್ಲಿಸಿ ಈ ಅಳತೆಯನ್ನು ಆಕೆಯ ಕಣ್ಣಿಗೆ ಸರಿಹೊಂದಿಸಿದೆವು. ತೀರ ಮೇಲಕ್ಕೆ ಒಯ್ಯುವುದೂ ತಪ್ಪೇ: ಚಿಕ್ಕ ದೀಪವೊಂದರ ದೂರ ಇಮ್ಮಡಿಯಾದರೆ ಅದರ ಬೆಳಕು ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ. ಹಿಂದಿನ 60 ವ್ಯಾಟಿನ ತಂತಿಬಲ್ಬು ಕೊಡುತ್ತಿದ್ದಷ್ಟು ಬೆಳಕನ್ನು ಇಂದಿನ 9 ವ್ಯಾಟಿನ ಎಲ್‌ಇಡಿ ಕೊಡುವುದರಿಂದ ಖರ್ಚಿನ ನೆಪವೂ ಉಳಿಯಲಿಲ್ಲ.

ಹಾಗಾದರೆ ಚೆಲುವು ಬೇಡವೇ, ಎಲ್ಲವೂ ಉಪಯೋಗಕ್ಕಾಗಿಯೇ ಇರಬೇಕೇ ಎಂದು ಕೇಳಬಹುದು. ಪ್ರಶ್ನೆಯು ಯೋಗ್ಯವಾದುದೇ. ಹಿತ್ತಾಳೆಯ ಹಳೆಯ ತೂಗುದೀಪಗಳ ಸರಪಳಿಯಲ್ಲಿಯೂ ಹಂಸದ ಆಕೃತಿಯಲ್ಲಿಯೂ ಎಷ್ಟು ಚೆಲುವಿಲ್ಲ! ಆದುದರಿಂದ ತಪ್ಪು ಚೆಲುವಿನದಲ್ಲ, ಅನುಕ್ರಮದ್ದು. ದುಡಿಯುವವರ ಕಣ್ಣನ್ನು ಮೊದಲು ಕೇಳಿ, ನೋಡುವವರ ಕಣ್ಣನ್ನು ಆಮೇಲೆ ಕೇಳಿದ್ದರೆ ಎರಡೂ ಕೂಡಿಬರುತ್ತಿದ್ದವು. ನಾವು ಕೇಳಿದ್ದು ಬೀಗರ ಕಣ್ಣನ್ನು ಮಾತ್ರ.

ನಮ್ಮ ನಾಡಿನ ಶಾಸನಗಳಲ್ಲಿ ದೇವರ ನಂದಾದೀವಿಗೆಗೆ ಎಣ್ಣೆಯ ದತ್ತಿ ಬಿಟ್ಟ ಸಂಗತಿಗಳು ಹೇರಳವಾಗಿವೆ. ನಮ್ಮ ನೆರೆಯ ಬಸವಕಲ್ಯಾಣದಲ್ಲಿ 12ನೆಯ ಶತಮಾನದ ಶರಣರು ಕಾಯಕಕ್ಕೆ ಪೂಜೆಯ ಘನತೆಯನ್ನು ತಂದುಕೊಟ್ಟರು. ದುಡಿಮೆಯೇ ಪೂಜೆಯಾದರೆ, ದುಡಿಯುವ ಕೈಗೆ ಬೆಳಕು ಕೊಡುವ ದೀಪವು ನಂದಾದೀವಿಗೆಗಿಂತ ಹೇಗೆ ಕಡಿಮೆಯಾದೀತು?

ವಿದ್ಯಾರ್ಥಿಮಿತ್ರರಲ್ಲಿಯೂ ಸಹೋದ್ಯೋಗಿಗಳಲ್ಲಿಯೂ ನಮ್ಮ ಬಿನ್ನಹವಿಷ್ಟೇ: ಇಂದು ಕತ್ತಲಾದ ಮೇಲೆ ನಿಮ್ಮ ಮನೆಯ ಅಡಿಗೆಮನೆಗೆ ಹೋಗಿರಿ. ಅಲ್ಲಿ ದುಡಿಯುವವರು ನಿಲ್ಲುವಲ್ಲಿ ನಿಂತು, ಈಳಿಗೆಯ ಮುಂದೆಯೋ ಹಂಚಿನ ಮುಂದೆಯೋ ನಿಮ್ಮ ಕೈಯನ್ನು ಚಾಚಿ, ಅದು ಕಾಣುವುದೋ ಇಲ್ಲವೋ ನೋಡಿರಿ. ಕಾಣದಿದ್ದರೆ ದೀಪವನ್ನು ಸರಿಸಿರಿ. ನಮ್ಮ ಅವ್ವ ಈಗ ಬೇಳೆಯನ್ನು ಒಳಗೆ, ಕಟ್ಟೆಯ ಮೇಲೆಯೇ ಆರಿಸುತ್ತಾಳೆ.